ಮದುವೆ ಮನೆಯ ಉಳಿದ ಅನ್ನ ಹಸುವಿಗೆ ಹಾಕಿದರೆ ಪುಣ್ಯವೇ?

ಮದುವೆ ಸೀಸನ್ ಬಂತೆಂದರೆ ವಾಟ್ಸಾಪ್‌ನಲ್ಲಿ ಈ ಮಾತು ತಪ್ಪದೆ ಓಡಾಡುತ್ತದೆ: ಉಳಿದ ಅನ್ನ ಚೆಲ್ಲಬೇಡಿ, ಹಸುವಿಗೆ ಹಾಕಿ, ಪುಣ್ಯ ಬರುತ್ತದೆ. ಕೋಲಾರವೆಂದರೆ ಹಾಲು, ರೇಷ್ಮೆಯ ಜಿಲ್ಲೆ. ಟೇಕಲ್, ಮಾಲೂರು ಕಡೆ ಛತ್ರದಿಂದ ನಾಲ್ಕು ಹೆಜ್ಜೆ ಹಾಕಿದರೆ ಒಂದು ಸೀಮೆ ಹಸು ಸಿಗುತ್ತದೆ. ಎರಡು ಬಕೆಟ್ ಅನ್ನ ಗೋದಲಿಗೆ ಸುರಿಯುವುದು ಸುಲಭ. ಆದರೆ ಅದೇ ಬಕೆಟ್ ಹಸುವಿನ ಜೀವ ತೆಗೆಯಬಹುದು.

ಹಸು, ಎಮ್ಮೆ, ಕುರಿ, ಮೇಕೆ, ಕಾಟಿ, ಕೃಷ್ಣಮೃಗ ಎಲ್ಲವೂ ಬೋವಿಡೇ ಎಂಬ ಒಂದೇ ಕುಟುಂಬದವು. ಸೀಳು ಗೊರಸು, ಉದುರದ ಕೊಂಬು, ಮೆಲುಕು ಹಾಕುವ ಹೊಟ್ಟೆ. (ಜಿಂಕೆಯ ಕೊಂಬು ವರ್ಷಕ್ಕೊಮ್ಮೆ ಉದುರಿ ಮತ್ತೆ ಬರುತ್ತದೆ. ಹಾಗಾಗಿ ಕೃಷ್ಣಮೃಗ ಜಿಂಕೆಯಲ್ಲ. ಅದು ಬೇರೆ ಫಾರ್ವರ್ಡ್‌ನ ಕಥೆ.)

ಈ ಹೊಟ್ಟೆಗೆ ನಾಲ್ಕು ಕೋಣೆ. ಮೊದಲನೆಯದು ರೂಮೆನ್, ದೊಡ್ಡ ಹಸುವಿನಲ್ಲಿ 100 ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಹುಲ್ಲನ್ನು ಹಸು ತಾನೇ ಜೀರ್ಣ ಮಾಡಲಾರದು. ಅಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಆ ಕೆಲಸ ಮಾಡುತ್ತವೆ. ಅವಕ್ಕೆ ನಿಧಾನವಾಗಿ ಕರಗುವ ನಾರು ಬೇಕು. ಬೆಂದ ಅನ್ನ ಬರೀ ಪಿಷ್ಟ. ಒಮ್ಮೆಲೇ ರಾಶಿ ಬಿದ್ದರೆ ಆಮ್ಲ ಮಾಡುವ ಬ್ಯಾಕ್ಟೀರಿಯಾ ವಿಪರೀತ ಬೆಳೆಯುತ್ತವೆ. 6ರಿಂದ 7ರ ನಡುವೆ ಇರಬೇಕಾದ ಪಿಎಚ್ 5ಕ್ಕಿಂತ ಕೆಳಗೆ ಇಳಿಯುತ್ತದೆ. ಹುಲ್ಲು ಕರಗಿಸುವ ಜೀವಿಗಳು ಸಾಯುತ್ತವೆ, ಮೈಯಲ್ಲಿನ ನೀರೆಲ್ಲ ಹೊಟ್ಟೆಗೆ ಎಳೆದುಕೊಳ್ಳುತ್ತದೆ, ಆಮ್ಲ ರಕ್ತಕ್ಕೂ ಸೇರುತ್ತದೆ.

‘ನಮ್ಮ ಹಸು ದಿನಾ ಅನ್ನ ತಿನ್ನುತ್ತೆ, ಏನೂ ಆಗಿಲ್ಲ’ ಅನ್ನುವವರಿದ್ದಾರೆ. ಅದೂ ನಿಜವೇ. ಹುಲ್ಲಿನ ಜೊತೆ ಒಂದು ಹಿಡಿ ಅನ್ನ, ದಿನವೂ ಅಷ್ಟೇ ಆದರೆ ಹೊಟ್ಟೆ ಒಗ್ಗಿಕೊಳ್ಳುತ್ತದೆ. ಅಪಾಯ ಇರುವುದು ಅಭ್ಯಾಸವಿಲ್ಲದ ಹಸು ಒಂದೇ ಸಲಕ್ಕೆ ಹೊಟ್ಟೆ ತುಂಬ ತಿಂದಾಗ. ರಾಗಿ, ಜೋಳದ ಮೂಟೆಗೆ ಬಾಯಿ ಹಾಕಿದರೂ ಇದೇ ಗತಿ. ಕುರಿ, ಮೇಕೆಗೆ ಇನ್ನೂ ಕಡಿಮೆ ಸಾಕು.

ಅನ್ನ ತಿಂದ ಹಸು ಮೇವು ಬಿಟ್ಟು ಮೆಲುಕು ನಿಲ್ಲಿಸಿದರೆ, ಎಡಗಡೆ ಹೊಟ್ಟೆ ಉಬ್ಬಿದರೆ, ಹುಳಿ ವಾಸನೆಯ ನೀರುಭೇದಿಯಾದರೆ, ತೂರಾಡಿದರೆ ಕಾಯಬೇಡಿ. ಒಂದೆರಡು ದಿನದಲ್ಲೇ ಸಾಯಬಹುದು. ಪಶುವೈದ್ಯರನ್ನು ಕರೆಸಿ, ಇಲ್ಲವೇ 1962ಕ್ಕೆ ಫೋನ್ ಮಾಡಿ. ಎಷ್ಟು ಹೊತ್ತಿಗೆ, ಎಷ್ಟು ತಿಂದಿತೆಂದು ಮುಚ್ಚಿಡದೆ ಹೇಳಿ. ಉಳಿದ ಅನ್ನ ತೆಗೆದು ಒಣ ರಾಗಿ ಹುಲ್ಲು ಮಾತ್ರ ಇಡಿ. ಎಣ್ಣೆ, ಮಜ್ಜಿಗೆ ಅಂತ ಬಲವಂತವಾಗಿ ಗೊಟ್ಟ ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿದು ಇನ್ನೊಂದು ಕಾಯಿಲೆ ಶುರುವಾಗುತ್ತದೆ.

ಅನ್ನವನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ ರಸ್ತೆ ಬದಿ ಇಡುವವರಿಗೆ ಇನ್ನೊಂದು ಮಾತು: ಹಸು ಗಂಟು ಬಿಚ್ಚುವುದಿಲ್ಲ, ಕವರ್ ಸಮೇತ ನುಂಗುತ್ತದೆ. ಆ ಕವರ್ ಹೊಟ್ಟೆಯಲ್ಲೇ ಉಳಿಯುತ್ತದೆ.