ಯುಟಿಲಿಟಿಯ ನೆಲ ಅಗೆಯುವ ಮುನ್ನ

ಬೆಂಗಳೂರಿನ ಬಹುತೇಕ ಮನೆಗಳಲ್ಲಿ ಅಡುಗೆಮನೆಗೆ ಅಂಟಿಕೊಂಡೇ ಯುಟಿಲಿಟಿ ಇರುತ್ತದೆ. ವಾಷಿಂಗ್ ಮೆಷಿನ್, ಸಿಂಕ್, ಬಕೆಟ್, ಪೊರಕೆ ಎಲ್ಲಕ್ಕೂ ಅದೇ ನೆಲೆ. ಅದನ್ನು ಹೊಸದು ಮಾಡಲು ಹೊರಟವರು ಮೊದಲು ಟೈಲ್ಸ್ ಅಂಗಡಿಗೆ ಹೋಗುತ್ತಾರೆ. ಆದರೆ ಆ ಜಾಗದ ಬಾಳಿಕೆಯನ್ನು ತೀರ್ಮಾನಿಸುವುದು ಟೈಲ್ಸ್ ಅಡಿಯಲ್ಲಿ ಮುಚ್ಚಿಹೋಗುವ ಕೆಲಸ. ಹಣವನ್ನೂ ತಾಳ್ಮೆಯನ್ನೂ ಮೊದಲು ಸುರಿಯಬೇಕಾದದ್ದು ಅಲ್ಲಿಗೆ.

ಟೈಲ್ಸ್ ಹಾಕಿದರೆ ನೀರು ಇಳಿಯುವುದಿಲ್ಲ ಎಂದು ಹಲವರು ನಂಬಿದ್ದಾರೆ. ಟೈಲ್ಸ್ ನೀರು ಹೀರದಿರಬಹುದು, ನಡುವಿನ ಸಂದಿಗೆ ತುಂಬಿದ ಸಿಮೆಂಟು ಹೀರುತ್ತದೆ. ಗಾರೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಅಷ್ಟು ಕಿರಿದಾದ ದಾರಿಯಲ್ಲಿ ನೀರು ಗುರುತ್ವವನ್ನೂ ಮೀರಿ ಪಕ್ಕಕ್ಕೆ ಹರಡುತ್ತದೆ, ಗೋಡೆಯನ್ನೂ ಏರುತ್ತದೆ. ಏರುವಾಗ ಇಟ್ಟಿಗೆ, ಗಾರೆಯ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಮೇಲೆ ಬಂದು ನೀರು ಆವಿಯಾದಾಗ ಲವಣ ಹರಳುಗಟ್ಟಿ ಬಣ್ಣವನ್ನು ಒಳಗಿನಿಂದ ತಳ್ಳುತ್ತದೆ. ಗೋಡೆಯ ಬುಡದಲ್ಲಿ ಬಿಳಿ ಪುಡಿ ಉದುರುವುದು ಇದರಿಂದಲೇ. ಮೇಲೆ ಎಷ್ಟು ಸಲ ಪೇಂಟ್ ಬಳಿದರೂ ನಿಲ್ಲದು.

ಹಾಗಾಗಿ ಹಳೆಯ ಟೈಲ್ಸ್ ಕಿತ್ತ ಮೇಲೆ ನೆಲಕ್ಕೆ ವಾಟರ್‌ಪ್ರೂಫಿಂಗ್ ಲೇಪ ಬೇಕು. ಪಾಲಿಮರ್ ದ್ರವ ಬೆರೆಸಿದ ಸಿಮೆಂಟಿನ ಲೇಪವನ್ನು ಮನೆಯವರೇ ಬ್ರಷ್‌ನಿಂದ ಹಚ್ಚಬಹುದು. ಮೊದಲ ಕೋಟ್ ಉದ್ದಕ್ಕೆ, ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ ಹಚ್ಚಿದರೆ ಬ್ರಷ್ ಬಿಟ್ಟ ಗೆರೆಗಳು ಮುಚ್ಚುತ್ತವೆ. ಗೋಡೆಯ ಮೇಲೂ ಒಂದಡಿ ಏರಿಸಬೇಕು. ನೆಲ ಮತ್ತು ಗೋಡೆ ಸೇರುವ ಮೂಲೆಯೇ ಮೊದಲು ಬಿರಿಯುವ ಜಾಗ. ಲೇಪ ಪೂರ್ತಿ ಒಣಗಿದ ಬಳಿಕ ನೀರು ಹೋಗುವ ತೂತಿಗೆ ಬಿರಡೆ ಹಾಕಿ, ಒಂದೆರಡು ದಿನ ನೀರು ಕಟ್ಟಿ, ಕೆಳಗಿನ ಚಾವಣಿಯನ್ನು ನೋಡಿ. ಮೇಸ್ತ್ರಿ ಅವಸರ ಮಾಡಿದರೂ ಈ ಪರೀಕ್ಷೆಯನ್ನು ಬಿಡಬೇಡಿ.

ಇನ್ನು ಇಳಿಜಾರು. ಎರಡು ಮೀಟರ್ ಉದ್ದದ ನೆಲಕ್ಕೆ ಎರಡೂವರೆ ಸೆಂಟಿಮೀಟರ್ ಇಳಿತ ಸಾಕು. ನೀರು ಸೇರುವ ನಹಾನಿ ಟ್ರ್ಯಾಪ್‌ನಲ್ಲಿ ಸುಮಾರು 50 ಮಿಲಿಮೀಟರ್ ನೀರು ಸದಾ ನಿಂತಿರಬೇಕು. ಚರಂಡಿಯ ವಾಸನೆಯನ್ನೂ ಜಿರಲೆಯನ್ನೂ ತಡೆಯುವುದು ಅದೇ. ಬೇಸಿಗೆ ರಜೆಗೆ ಊರಿಗೆ ಹೋಗಿ ಬಂದಾಗ ಮನೆ ನಾರಿದರೆ ಟ್ರ್ಯಾಪ್ ಒಣಗಿರಬಹುದು. ಒಂದು ಚೊಂಬು ನೀರು ಸುರಿದರೆ ಸರಿಹೋಗುತ್ತದೆ.

ನಲ್ಲಿಯ ಒತ್ತಡವನ್ನೂ ಲೆಕ್ಕ ಹಾಕಿ. ಹತ್ತು ಮೀಟರ್ ಎತ್ತರದ ನೀರು ಕೊಡುವುದು ಸುಮಾರು ಒಂದು ಬಾರ್ ಒತ್ತಡ. ನಲ್ಲಿಗಿಂತ ಟ್ಯಾಂಕ್ ಎರಡೇ ಮೀಟರ್ ಮೇಲಿದ್ದರೆ ಸಿಗುವುದು 0.2 ಬಾರ್. ಎಷ್ಟೋ ಫ್ರಂಟ್ ಲೋಡ್ ಮೆಷಿನ್‌ಗಳಿಗೆ ಇದು ಸಾಲದು. ಮೆಷಿನ್ ಕೊಳ್ಳುವ ಮೊದಲೇ ಕೈಪಿಡಿಯಲ್ಲಿರುವ ಕನಿಷ್ಠ ಒತ್ತಡವನ್ನು ನೋಡಿಕೊಳ್ಳಿ.

ವಿದ್ಯುತ್ ಕೆಲಸಕ್ಕೆ ಮಾತ್ರ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಬೇಕೇ ಬೇಕು. ಮೆಷಿನ್ ಒಳಗೆ ನೀರು ಕಾಯಿಸುವ 2000 ವಾಟ್‌ನ ಹೀಟರ್ ಇದ್ದರೆ ಅದು 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಸಾಕೆಟ್ ತಡೆಯದು, 16ರದ್ದು ಬೇಕು. ಸರಿಯಾದ ಅರ್ಥಿಂಗ್ ಇರಲಿ. ಜೊತೆಗೆ 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುವ ಆರ್‌ಸಿಸಿಬಿಯೂ ಇರಲಿ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲುವ ಜಾಗವಿದು, ಜೀವದ ಪ್ರಶ್ನೆ.

ಕೊನೆಗೆ ಮೆಷಿನ್ ಇಡುವುದು. ನಿಮಿಷಕ್ಕೆ 1000 ಸುತ್ತು ತಿರುಗುವ, 24 ಸೆಂಟಿಮೀಟರ್ ತ್ರಿಜ್ಯದ ಡ್ರಮ್ಮಿನ ಅಂಚಿನಲ್ಲಿ ಬಟ್ಟೆಯ ಮೇಲೆ ಗುರುತ್ವದ ಸುಮಾರು 270 ಪಟ್ಟು ಬಲ ಬೀಳುತ್ತದೆ. ಅರ್ಧ ಕಿಲೋ ತೂಗುವ ಒದ್ದೆ ಟವಲ್ ಒಂದೇ ಬದಿಗೆ ಸೇರಿದರೆ ಸುಮಾರು 130 ಕಿಲೋ ತೂಕದಷ್ಟು ಎಳೆತ, ಅದೂ ಸೆಕೆಂಡಿಗೆ ಹದಿನಾರು ಹದಿನೇಳು ಬಾರಿ ದಿಕ್ಕು ಸುತ್ತುತ್ತ. ಇದನ್ನು ತಾಳಲೆಂದೇ ಒಳಗಿನ ತೊಟ್ಟಿಯನ್ನು ಸ್ಪ್ರಿಂಗ್‌ಗಳಿಂದ ತೂಗುಹಾಕಿ, ಎಷ್ಟೋ ಮೆಷಿನ್‌ಗಳಲ್ಲಿ ಕಾಂಕ್ರೀಟ್ ಗಟ್ಟಿಯನ್ನೂ ಕಟ್ಟಿರುತ್ತಾರೆ. ಸಾಗಣೆಗೆಂದು ಹಿಂಬದಿಗೆ ಹಾಕಿದ ಬೋಲ್ಟ್‌ಗಳನ್ನು ತೆಗೆಯದಿದ್ದರೆ ಸ್ಪ್ರಿಂಗ್ ಇದ್ದೂ ಪ್ರಯೋಜನವಿಲ್ಲ, ಮೆಷಿನ್ ನಡೆಯತೊಡಗುತ್ತದೆ.

ನೀರಿಗೆ ಬೇಕಾದ ಇಳಿಜಾರು ಮೆಷಿನ್‌ಗೆ ಒಗ್ಗದು. ಮೇಲೆ ರಸಮಟ್ಟ ಇಟ್ಟು ನಾಲ್ಕೂ ಕಾಲುಗಳನ್ನು ತಿರುಗಿಸಿ ಸಮ ಮಾಡಿ. ಎದುರುಬದುರು ಮೂಲೆಗಳನ್ನು ಒತ್ತಿದಾಗ ಅಲುಗಬಾರದು. ಆಮೇಲೆ ಪ್ರತಿ ಕಾಲಿನ ಲಾಕ್ ನಟ್ಟನ್ನು ಬಿಗಿ ಮಾಡಿ. ಸಡಿಲ ಬಿಟ್ಟರೆ ಆ ಕಂಪನವೇ ಕಾಲುಗಳನ್ನು ತಿರುಗಿಸಿ ಮಟ್ಟ ಕೆಡಿಸುತ್ತದೆ.