ಬೊಬ್ಬೆರೋಗಗಳಲ್ಲಿ ರಕ್ತದ ಸಾಕ್ಷ್ಯ

ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದಲ್ಲಿ ಅನುಮಾನಕ್ಕೆ ಕೊಡುವ ಪ್ರಸಿದ್ಧ ನಿದರ್ಶನ. ರೋಗಿಯ ರಕ್ತವನ್ನು ಪರೀಕ್ಷಿಸಿ ರೋಗದ ಬಲಾಬಲವನ್ನು ಅಳೆಯುವ ವೈದ್ಯನ ಕ್ರಮವೂ ಇದೇ ಜಾತಿಯದು. ಆದರೆ ಸಾಧಿಸಬೇಕಾದ ವಸ್ತುವಿಲ್ಲದ ಕಡೆಯಲ್ಲಿಯೂ ಹೇತುವು ಕಾಣಿಸಿಕೊಂಡರೆ ಅದನ್ನು ಅನೈಕಾಂತಿಕವೆಂದು ತಾರ್ಕಿಕರು ನಿರಾಕರಿಸುವರು. ರಕ್ತದಲ್ಲಿನ ಉರಿಯೂತ ಸೂಚಕಗಳಿಗೆ ಈ ದೋಷವು ಹೇಗೆ ಅಂಟಿಕೊಂಡಿದೆಯೆಂಬುದು ಮೈಮೇಲೆ ನೀರ್ಗುಳ್ಳೆಗಳನ್ನೆಬ್ಬಿಸುವ ಕೆಲವು ಚರ್ಮರೋಗಗಳಲ್ಲಿ ಸ್ಪಷ್ಟವಾಗಿ ತೋರುತ್ತದೆ. ಅಲ್ಲಿ ಅನುಮಾನ ತಪ್ಪಿದರೆ ಪ್ರಾಣಕ್ಕೇ ಸಂಚಕಾರವುಂಟು.

ಮೇಲ್ದೊಗಲಿನ ಜೀವಕೋಶಗಳನ್ನು ಒಂದಕ್ಕೊಂದು ಹೆಣೆದು ನಿಲ್ಲಿಸಿರುವುದು ಡೆಸ್ಮೊಗ್ಲೀನ್ ಎಂಬ ಸಸಾರಜನಕ ವಸ್ತು. ಮೇಲ್ದೊಗಲನ್ನು ಒಳದೊಗಲಿಗೆ ಅಂಟಿಸಿರುವ ಬೆಸುಗೆ ಬೇರೆ. ರೋಗಾಣುಗಳ ಮೇಲೆ ಪ್ರಯೋಗವಾಗಬೇಕಾದ ಪ್ರತಿಕಾಯಗಳು ದಾರಿ ತಪ್ಪಿ ಮೊದಲನೆಯ ಬಂಧವನ್ನು ಸಡಿಲಿಸಿದರೆ ಪೆಂಫಿಗಸ್ ರೋಗವುಂಟಾಗುವುದು. ಎರಡನೆಯ ಬೆಸುಗೆಯನ್ನು ಕೆಡಿಸಿದರೆ ಪೆಂಫಿಗಾಯ್ಡ್. ಎರಡು ಹೆಸರುಗಳ ಮೂಲವೂ ಗುಳ್ಳೆಯೆಂಬರ್ಥದ ಗ್ರೀಕ್ ಶಬ್ದವೇ. ಪೆಂಫಿಗಸ್‌ನ ಗುಳ್ಳೆ ತೆಳುವಾದುದು. ಒಡನೆಯೇ ಒಡೆದು ಹಸಿಹುಣ್ಣಾಗುತ್ತದೆ, ಅನೇಕ ವೇಳೆ ಬಾಯಿಯಲ್ಲಿಯೇ ಮೊದಲು ಕಾಣಿಸಿಕೊಳ್ಳುತ್ತದೆ. ಪೆಂಫಿಗಾಯ್ಡ್‌ನ ಗುಳ್ಳೆ ಬಿಗಿಯಾದುದು. ಹೆಚ್ಚಾಗಿ ವೃದ್ಧರನ್ನು ಕಾಡುತ್ತದೆ, ನವೆ ಬಹಳ. ಇವೆರಡೂ ಬೇರೆಬೇರೆಯೆಂದು 1953ರಲ್ಲಿ ವಾಲ್ಟರ್ ಲೀವರ್ ಎಂಬ ವೈದ್ಯನು ವಿಂಗಡಿಸಿದನು. ಪೆಂಫಿಗಸ್ ರೋಗಿಗಳ ರಕ್ತದಲ್ಲಿ ಪ್ರತಿಕಾಯಗಳಿರುವುದನ್ನು 1964ರಲ್ಲಿ ಬ್ಯೂಟ್ನರ್ ಮತ್ತು ಜೋರ್ಡನ್ ಎಂಬವರು ತೋರಿಸಿಕೊಟ್ಟರು. ಯುರೋಪಿನಲ್ಲಿ ಪೆಂಫಿಗಾಯ್ಡ್ ಹೆಚ್ಚು. ಭಾರತದಲ್ಲಿ ಪೆಂಫಿಗಸ್ಸೇ ಹೆಚ್ಚು.

ಇನ್ನು ಸೂಚಕಗಳ ವಿಚಾರ. ರಕ್ತವನ್ನು ಹೆಪ್ಪುಗಟ್ಟದಂತೆ ಮಾಡಿ ನೆಟ್ಟನೆಯ ಕೊಳವೆಯಲ್ಲಿ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪುಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದುವೆಂದು ನೋಡುವುದು ಬಹು ಹಳೆಯ ಪರೀಕ್ಷೆ. ಉರಿಯೂತವಿರುವಾಗ ರಕ್ತದಲ್ಲಿ ಫೈಬ್ರಿನೊಜನ್ ಹೆಚ್ಚುವುದರಿಂದ ಕಣಗಳು ನಾಣ್ಯಗಳ ಅಡಕಿನಂತೆ ಒಂದರಮೇಲೊಂದು ಕೂಡಿಕೊಂಡು ಬೇಗ ಇಳಿಯುವುವು. ರಕ್ತಹೀನತೆ, ಬಸಿರು, ಮುಪ್ಪು ಇವುಗಳಲ್ಲಿಯೂ ಹಾಗೆಯೇ ಇಳಿಯುವುವು! 1930ರಲ್ಲಿ ಟಿಲ್ಲೆಟ್ ಮತ್ತು ಫ್ರಾನ್ಸಿಸ್ ಎಂಬವರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡ ಸಿ-ರಿಯಾಕ್ಟಿವ್ ಪ್ರೋಟೀನ್ ಇದಕ್ಕಿಂತ ಚುರುಕಾದ ಸಾಕ್ಷಿ. ಉರಿಯೂತ ತೊಡಗಿದ ಕೆಲವು ಗಂಟೆಗಳಲ್ಲಿಯೇ ಯಕೃತ್ತು ಅದನ್ನು ಹೇರಳವಾಗಿ ಸುರಿಸುತ್ತದೆ. ಉರಿಯೂತ ಅಡಗಿದೊಡನೆ ಅದೂ ಬೇಗ ಇಳಿಯುತ್ತದೆ. ಆದರೆ ಉರಿಯುತ್ತಿರುವ ಮನೆ ಯಾವುದೆಂದು ಇದೂ ಹೇಳಲಾರದು.

ಇತ್ತೀಚೆಗೆ ಸಂಶೋಧಕರಿಗೆ ಬಹು ಪ್ರಿಯವಾಗಿರುವುದು ಬಿಳಿಕಣಗಳ ಲೆಕ್ಕ. ನ್ಯೂಟ್ರೊಫಿಲ್ ಕಣಗಳ ಸಂಖ್ಯೆಯನ್ನು ಲಿಂಫೊಸೈಟ್ ಕಣಗಳ ಸಂಖ್ಯೆಯಿಂದ ಭಾಗಿಸಿ, ಬಂದ ಪ್ರಮಾಣವು ಹೆಚ್ಚಿದಷ್ಟೂ ಉರಿಯೂತವು ಪ್ರಬಲವೆಂದು ಎಣಿಸುವರು. ಖರ್ಚಿಲ್ಲದ ಪರೀಕ್ಷೆಯೆಂಬುದು ಇದರ ಗುಣ. ಆದರೆ ಈ ರೋಗಗಳಿಗೆ ಮುಖ್ಯವಾದ ಮದ್ದು ಪ್ರೆಡ್ನಿಸೊಲೋನ್ ಮೊದಲಾದ ಸ್ಟೀರಾಯ್ಡುಗಳು. ಈ ಮದ್ದು ರಕ್ತನಾಳಗಳ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೊಫಿಲ್‌ಗಳನ್ನು ಬಿಡಿಸಿ ಪ್ರವಾಹಕ್ಕೆ ನೂಕುತ್ತದೆ, ಮಜ್ಜೆಯಿಂದಲೂ ಹೊರಡಿಸುತ್ತದೆ. ಲಿಂಫೊಸೈಟ್‌ಗಳನ್ನು ಪ್ರವಾಹದಿಂದ ಮರೆಮಾಡುತ್ತದೆ. ಹೀಗೆ ರೋಗಿಯ ಹುಣ್ಣುಗಳು ಮಾಯುತ್ತಿರುವಾಗಲೇ ಪ್ರಮಾಣವು ಮೇಲೇರಬಹುದು. ಮದ್ದು ಕೊಟ್ಟ ಬಳಿಕ ತೆಗೆದ ಲೆಕ್ಕವು ರೋಗದ ಕಥೆಯನ್ನಲ್ಲ, ಮದ್ದಿನ ಕಥೆಯನ್ನೇ ಹೇಳುವ ಸಂಭವ ಹೆಚ್ಚು. ಪೆಂಫಿಗಾಯ್ಡ್‌ನಲ್ಲಿ ಹೆಚ್ಚುವ ಇಯೊಸಿನೊಫಿಲ್ ಎಂಬ ಕಣಗಳು ಆ ರೋಗಕ್ಕೆ ಇನ್ನಷ್ಟು ಹತ್ತಿರದ ಸಾಕ್ಷಿಯೆನ್ನಬಹುದು. ಅವೂ ಸ್ಟೀರಾಯ್ಡ್ ಸೋಕಿದೊಡನೆ ಕರಗುವುವು.

ಎಲ್ಲಕ್ಕೂ ಕಠಿನವಾದ ಪ್ರಸಂಗ ಮತ್ತೊಂದಿದೆ. ತೊಗಲು ಸುಲಿದು ಮೈಯೆಲ್ಲ ಹಸಿಯಾದವನಿಗೆ ರೋಗಾಣುಗಳ ಸೋಂಕು ಸುಲಭ. ಸ್ಟೀರಾಯ್ಡ್ ಬರುವುದಕ್ಕೆ ಮುಂಚೆ ಪೆಂಫಿಗಸ್ ರೋಗಿಗಳಲ್ಲಿ ಬಹುಮಂದಿ ಉಳಿಯುತ್ತಿರಲಿಲ್ಲ; ಈಗ ಬಹುಮಂದಿ ಉಳಿಯುವರಾದರೂ, ಸಾಯುವವರಲ್ಲಿ ಅನೇಕರನ್ನು ಕೊಲ್ಲುವುದು ಗುಳ್ಳೆಯಲ್ಲ, ರಕ್ತಕ್ಕಿಳಿದ ಸೋಂಕು. ಸಿ-ರಿಯಾಕ್ಟಿವ್ ಪ್ರೋಟೀನ್ ಒಮ್ಮೆಗೇ ಏರಿತೆನ್ನೋಣ. ರೋಗವೇ ಕೆರಳಿತೆಂದು ಬಗೆದರೆ ಸ್ಟೀರಾಯ್ಡನ್ನು ಹೆಚ್ಚಿಸಬೇಕು. ಸೋಂಕಿನಿಂದ ಏರಿದ್ದಾದರೆ ಹಾಗೆ ಹೆಚ್ಚಿಸುವುದು ಶತ್ರುವಿಗೆ ಬಾಗಿಲು ತೆರೆದಂತೆ. ಸೂಚಕದ ಅಂಕೆ ಎರಡೂ ಕಡೆ ಒಂದೇ.

ಡೆಸ್ಮೊಗ್ಲೀನ್ 1, ಡೆಸ್ಮೊಗ್ಲೀನ್ 3 ಇವುಗಳಿಗೆದುರಾದ ಪ್ರತಿಕಾಯಗಳನ್ನೂ, ಪೆಂಫಿಗಾಯ್ಡ್‌ನಲ್ಲಿ ಬಿಪಿ 180ಕ್ಕೆದುರಾದವನ್ನೂ ಅಳೆಯುವ ಪರೀಕ್ಷೆ ಇಂದು ದೊರೆಯುತ್ತದೆ. ರೋಗಕ್ಕೆ ಕಾರಣವಾದುದನ್ನೇ ಅದು ಮುಟ್ಟುವುದರಿಂದ ಅದರ ಮಾತಿಗೆ ತೂಕ ಹೆಚ್ಚು. ರೋಗ ಅಡಗಿದ ಮೇಲೆಯೂ ಕೆಲವರಲ್ಲಿ ಪ್ರತಿಕಾಯಗಳು ಉಳಿದಿರುವುದುಂಟೆಂಬುದನ್ನು ಮಾತ್ರ ಮರೆಯಬಾರದು. ಆದಕಾರಣ ವಿವೇಕಿಯಾದ ವೈದ್ಯನು ಸ್ಟೀರಾಯ್ಡಿನ ಮೊದಲನೆಯ ಪ್ರಮಾಣಕ್ಕೆ ಮುಂಚೆಯೇ ರಕ್ತವನ್ನು ತೆಗೆದು ಅಂಕೆಗಳನ್ನು ಬರೆದಿಡುವನು. ಹೊಸ ಗುಳ್ಳೆಗಳೆಷ್ಟು ಎದ್ದುವೆಂದು ದಿನವೂ ಎಣಿಸುವನು. ಸೂಚಕವೇರಿದ ದಿನ ಜ್ವರವನ್ನು ನೋಡಿ, ಹುಣ್ಣಿನ ರಸವನ್ನೂ ರಕ್ತವನ್ನೂ ರೋಗಾಣುಗಳ ಪರೀಕ್ಷೆಗೆ ಕಳುಹಿಸಿ, ಅನಂತರವೇ ಮದ್ದಿನ ಪ್ರಮಾಣವನ್ನು ಬದಲಿಸುವ ಆಲೋಚನೆ ಮಾಡುವನು.