ಫೋಟೋದಲ್ಲಿರುವ ಅಕ್ಷರ ಕಣ್ಣು ಕಾಣದವರ ಫೋನಿಗೆ ಓದಲು ಬರುತ್ತದೆಯೇ?

"ನಾಳೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಕರೆಂಟ್ ಇರುವುದಿಲ್ಲ." ಇಂಥದೊಂದು ಪ್ರಕಟಣೆಯ ಫೋಟೋ ಬಡಾವಣೆಯ ವಾಟ್ಸಾಪ್ ಗುಂಪಿಗೆ ಬಂತು ಎಂದುಕೊಳ್ಳಿ. ಎಲ್ಲರೂ ಓದಿದರು, ಕೆಲವರು ಬೇರೆ ಗುಂಪಿಗೂ ಕಳಿಸಿದರು. ಅದೇ ಗುಂಪಿನಲ್ಲಿರುವ ಕಣ್ಣು ಕಾಣದ ಒಬ್ಬರಿಗೆ ಅವರ ಫೋನು ಹೇಳಿದ್ದು ಒಂದೇ ಮಾತು: "ಫೋಟೋ". ಕರೆಂಟ್ ಸುದ್ದಿಯಾದರೆ ಹೇಗೋ ನಡೆದೀತು. ಅದೇ ಫೋಟೋದಲ್ಲಿ ಪರೀಕ್ಷಾ ಕೇಂದ್ರ ಬದಲಾದ ಸೂಚನೆಯೋ, ಅರ್ಜಿ ಹಾಕಲು ಕೊನೆಯ ದಿನವೋ ಇದ್ದರೆ?

"ಕಣ್ಣು ಕಾಣದವರಿಗೆ ಸ್ಮಾರ್ಟ್‌ಫೋನ್ ಯಾಕೆ?" ಎಂದು ಕೇಳುವವರು ಈಗಲೂ ಇದ್ದಾರೆ. ಮೊದಲು ಆ ತಪ್ಪು ತಿಳಿವಳಿಕೆಯನ್ನೇ ನೋಡೋಣ.

ಕಣ್ಣು ಕಾಣದವರು ಫೋನ್ ಬಳಸುವುದು ಹೇಗೆ?

ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಎಂಬ ಹೆಸರಿನಲ್ಲಿ ಇದು ಇರುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವಿದೆ. ಅದನ್ನು ಆರಂಭಿಸಿದ್ದು ಆಸ್ಟ್ರೇಲಿಯಾದ ಇಬ್ಬರು ಕಣ್ಣು ಕಾಣದ ತಂತ್ರಜ್ಞರು.

ಬೆರಳನ್ನು ಪರದೆಯ ಮೇಲೆ ಆಡಿಸಿದರೆ, ಬೆರಳಿನ ಕೆಳಗೆ ಏನಿದೆಯೋ ಅದನ್ನು ಫೋನು ಹೇಳುತ್ತದೆ. ಬೇಕಾದದ್ದು ಸಿಕ್ಕಾಗ ಎರಡು ಸಲ ತಟ್ಟಿದರೆ ಅದು ತೆರೆದುಕೊಳ್ಳುತ್ತದೆ. ಕನ್ನಡ ಸಂದೇಶವನ್ನು ಕನ್ನಡದಲ್ಲೇ ಓದಿಸಬಹುದು. ಸಂದೇಶ ಕಳಿಸುವುದು, ಯುಪಿಐನಲ್ಲಿ ಹಣ ಹಾಕುವುದು, ಬಸ್ ಟಿಕೆಟ್ ಕಾದಿರಿಸುವುದು, ಎಲ್ಲವೂ ಹೀಗೇ ನಡೆಯುತ್ತವೆ. ಒಂದೇ ಷರತ್ತು: ಪರದೆಯ ಮೇಲಿರುವುದು ಫೋನಿಗೆ ಅಕ್ಷರವಾಗಿ ಗೊತ್ತಾಗಬೇಕು.

ಫೋಟೋದಲ್ಲೂ ಅಕ್ಷರವೇ ಇದೆಯಲ್ಲ?

ನಮ್ಮ ಕಣ್ಣಿಗೆ ಅದು ಅಕ್ಷರ. ಫೋನಿಗೆ ಅದು ಬಣ್ಣದ ಚುಕ್ಕೆಗಳ ರಾಶಿ. ಟೈಪ್ ಮಾಡಿದ 'ಕ' ಅಕ್ಷರಕ್ಕೆ ಒಂದು ನಿಗದಿತ ಸಂಕೇತ ಸಂಖ್ಯೆ ಇರುತ್ತದೆ. ಸ್ಕ್ರೀನ್ ರೀಡರ್ ಆ ಸಂಖ್ಯೆಯನ್ನು ನೋಡಿ 'ಕ' ಎಂದು ಉಚ್ಚರಿಸುತ್ತದೆ. ಫೋಟೋದಲ್ಲಿ ಅಂಥ ಸಂಖ್ಯೆ ಇರುವುದಿಲ್ಲ. ಕಾಗದವನ್ನು ಸ್ಕ್ಯಾನ್ ಮಾಡಿ ಕಳಿಸಿದ ಪಿಡಿಎಫ್ ಕೂಡ ನಿಜದಲ್ಲಿ ಫೋಟೋವೇ.

ಚಿತ್ರದಲ್ಲಿನ ಅಕ್ಷರವನ್ನು ಗುರುತಿಸುವ ಆ್ಯಪ್‌ಗಳಿವೆ, ನಿಜ. ಸ್ಪಷ್ಟವಾಗಿ ಮುದ್ರಿಸಿದ ಪುಟವನ್ನು ಅವು ಬಹುಮಟ್ಟಿಗೆ ಓದುತ್ತವೆ. ಆದರೆ ಓರೆಯಾಗಿ ತೆಗೆದ ಫೋಟೋ, ಹೂಬಳ್ಳಿಯ ಮೇಲೆ ಬರೆದ ಅಲಂಕಾರದ ಅಕ್ಷರ, ಮಸುಕಾದ ಒತ್ತಕ್ಷರ ಬಂದಾಗ ತಡವರಿಸುತ್ತವೆ. ದಿನಾಂಕದ ಒಂದು ಅಂಕಿ ತಪ್ಪಿದರೂ ಕೆಲಸ ಕೆಟ್ಟಿತು. ತಪ್ಪಿದೆಯೇ ಎಂದು ಪರದೆ ನೋಡಿ ಖಚಿತಪಡಿಸಿಕೊಳ್ಳುವ ದಾರಿಯೂ ಅವರಿಗಿಲ್ಲ.

ಕನ್ನಡದ್ದೇ ಒಂದು ತೊಡಕು

ಟೈಪ್ ಮಾಡಿದ ಕನ್ನಡವೆಲ್ಲ ಓದಲು ಬರುತ್ತದೆಯೇ? ಇಲ್ಲ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇದೆ. ಹಳೆಯ ನುಡಿ, ಬರಹ ಫಾಂಟ್‌ಗಳ ಕಥೆ ಬೇರೆ. ಅಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿದೆ. ಹಳೆಯ ನುಡಿಯಲ್ಲಿ ನಮಗೆ 'ಕ' ಎಂದು ಕಾಣುವುದು ಕಂಪ್ಯೂಟರಿನ ಒಳಗೆ ಇಂಗ್ಲಿಷಿನ 'ಪಿ' ಮತ್ತು ತಲೆಯ ಮೇಲೆ ಗೆರೆಯಿರುವ ಒಂದು 'ಎ'. ಸ್ಕ್ರೀನ್ ರೀಡರ್ ಓದುವುದೂ ಅದನ್ನೇ. ಹೀಗಾಗಿ ಅಚ್ಚುಕಟ್ಟಾಗಿ ಕಾಣುವ ಒಂದು ಸುತ್ತೋಲೆ ಅವರ ಕಿವಿಗೆ ಅರ್ಥವಿಲ್ಲದ ಗದ್ದಲವಾಗುತ್ತದೆ. ಇಂಥ ಕಡತವನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳಿವೆ. ಹಂಚುವ ಮುನ್ನ ಬಳಸಿದರೆ ಸಾಕು.

'ಸುಳ್ಳು' ಎಂಬ ಕೆಂಪು ಮುದ್ರೆ

ಸುಳ್ಳು ಸುದ್ದಿಯ ಫೋಟೋ ಮೇಲೆ ಓರೆಯಾಗಿ 'ಸುಳ್ಳು' ಎಂದು ಕೆಂಪು ಮುದ್ರೆ ಒತ್ತಿ ಹಂಚುವುದು ರೂಢಿ. ಉದ್ದೇಶ ಒಳ್ಳೆಯದೇ. ಆದರೆ ಅಕ್ಷರ ಗುರುತಿಸುವ ಆ್ಯಪ್ ನೇರವಾಗಿರುವ ಸಾಲುಗಳನ್ನು ಓದಿ, ಓರೆ ಮುದ್ರೆಯನ್ನು ಬಿಟ್ಟುಬಿಡಬಹುದು. ಆಗ ಕೇಳುವವರಿಗೆ ತಲುಪುವುದು ಬರೀ ಸುಳ್ಳು. "ಈ ಸುದ್ದಿ ಸುಳ್ಳು, ಕಾರಣ ಇದು" ಎಂದು ಫೋಟೋ ಕೆಳಗೆ ಟೈಪ್ ಮಾಡಿದರೆ ಈ ಅಪಾಯವಿಲ್ಲ.

ಎಲ್ಲರಿಗೂ ಪೂರ್ತಿ ಕತ್ತಲೆಯೇ?

ಅಲ್ಲ. ಕಾನೂನು ಕುರುಡುತನ ಮತ್ತು ಮಂದದೃಷ್ಟಿ ಎಂದು ಎರಡನ್ನು ಗುರುತಿಸುತ್ತದೆ. ಕನ್ನಡಕ ಹಾಕಿದ ಮೇಲೂ ಚೆನ್ನಾಗಿರುವ ಕಣ್ಣಿನ ದೃಷ್ಟಿ 6/18ಕ್ಕಿಂತ ಕಡಿಮೆ ಇದ್ದು, 3/60ರ ತನಕ ಇದ್ದರೆ ಮಂದದೃಷ್ಟಿ. ಅಂದರೆ ಸಾಮಾನ್ಯ ಕಣ್ಣಿಗೆ 18 ಮೀಟರ್ ದೂರದಿಂದ ಕಾಣುವುದನ್ನು ಇವರು 6 ಮೀಟರಿಗಿಂತಲೂ ಹತ್ತಿರ ಹೋಗಿ ನೋಡಬೇಕು. ನೋಟದ ಹರವು ತೀರಾ ಕಿರಿದಾಗಿರುವವರೂ ಇದರಲ್ಲಿ ಸೇರುತ್ತಾರೆ. ಆದ್ದರಿಂದ ಬಿಳಿ ಕೋಲು ಹಿಡಿದವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಓದುತ್ತಿದ್ದರೆ ಅದು ನಾಟಕವಲ್ಲ. ಇವರಿಗೆ ದೊಡ್ಡ ಅಕ್ಷರ, ಹಿನ್ನೆಲೆಗಿಂತ ಎದ್ದು ಕಾಣುವ ಬಣ್ಣ ಬೇಕು. ಹಳದಿ ಮೇಲೆ ಬಿಳಿ ಅಕ್ಷರ ಬರೆದರೆ ಕಾಣುವುದಿಲ್ಲ.

ಇದು ದಯೆಯೇ, ಹಕ್ಕೇ?

2011ರ ಜನಗಣತಿಯ ಪ್ರಕಾರ ದೇಶದಲ್ಲಿ ದೃಷ್ಟಿದೋಷದ ವೈಕಲ್ಯ ಇರುವವರು ಸುಮಾರು 50 ಲಕ್ಷ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್, ಮುದ್ರಣ, ಧ್ವನಿ ಮತ್ತು ವಿದ್ಯುನ್ಮಾನ ಮಾಧ್ಯಮದ ಮಾಹಿತಿ ಇವರಿಗೂ ಎಟುಕುವ ರೂಪದಲ್ಲಿ ಸಿಗುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರಗಳಿಗೆ ಕೊಟ್ಟಿದೆ. ಬ್ಯಾಂಕ್ ಕೆವೈಸಿಗೆ "ಕ್ಯಾಮೆರಾ ನೋಡಿ ಕಣ್ಣು ಮಿಟುಕಿಸಿ" ಎನ್ನುವ ಪದ್ಧತಿಯಿಂದ ಹೊರಗುಳಿದವರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2025ರ ಏಪ್ರಿಲ್ 30ರಂದು ಕೋರ್ಟ್, ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿ, ಬೇರೆ ವಿಧಾನಗಳಿಗೂ ಅವಕಾಶ ಕೊಡಲು ಸೂಚಿಸಿತು.

ನಮ್ಮ ನಿಮ್ಮ ಫಾರ್ವರ್ಡ್‌ಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ಊರಿನ ಸುದ್ದಿ ಈಗ ಓಡಾಡುವುದು ಅವುಗಳ ಮೂಲಕವೇ.

ಕಳಿಸುವ ಮುನ್ನ ಇಷ್ಟು ಮಾಡಿ

• ಪ್ರಕಟಣೆಯ ಫೋಟೋ ಕಳಿಸುವಾಗ ದಿನಾಂಕ, ಸಮಯ, ಜಾಗ, ಫೋನ್ ಸಂಖ್ಯೆಯನ್ನು ಅದರ ಕೆಳಗೆ ಟೈಪ್ ಮಾಡಿ.
• ಟೈಪ್ ಮಾಡುವುದು ಕಷ್ಟವಾದರೆ ಓದಿ ಧ್ವನಿ ಸಂದೇಶ ಕಳಿಸಿ. ಓದು ಬಾರದ ಹಿರಿಯರಿಗೂ ಅದು ಅನುಕೂಲ.
• ಚಿತ್ರವಷ್ಟೇ ಇದ್ದರೆ ಅದರಲ್ಲಿ ಏನಿದೆ ಎಂದು ಒಂದು ಸಾಲು ಬರೆಯಿರಿ.
• ಸಾಲುಗಟ್ಟಲೆ ಎಮೋಜಿ ಹಾಕಬೇಡಿ. ಸ್ಕ್ರೀನ್ ರೀಡರ್ ಅವುಗಳ ಹೆಸರನ್ನೂ ಓದುತ್ತದೆ.

ನಿಮ್ಮ ಸಂದೇಶ ಹೇಗೆ ಕೇಳಿಸುತ್ತದೆ ಎಂದು ನೀವೇ ಪರೀಕ್ಷಿಸಬಹುದು. ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ವಿಭಾಗಕ್ಕೆ ಹೋಗಿ ಟಾಕ್‌ಬ್ಯಾಕ್ ಆನ್ ಮಾಡಿ. ಆಮೇಲೆ ಆಯ್ಕೆಗೆ ಒಂದು ಸಲ, ತೆರೆಯಲು ಎರಡು ಸಲ ತಟ್ಟಬೇಕು. ಮೇಲೆ ಕೆಳಗೆ ಸರಿಸಲು ಎರಡು ಬೆರಳು ಬೇಕು. ಆಫ್ ಮಾಡುವಾಗಲೂ ಇದೇ ಕ್ರಮ. ಹೀಗೆ ನಿಮ್ಮ ಗುಂಪಿಗೆ ಬಂದ ಇತ್ತೀಚಿನ ಹತ್ತು ಸಂದೇಶಗಳನ್ನು ಕಣ್ಣು ಮುಚ್ಚಿ ಕೇಳಿ. ಎಷ್ಟು ಅರ್ಥವಾದವು ಎಂದು ಎಣಿಸಿ ನೋಡಿ.